ಕುಸುಬಿ ಎಣ್ಣೆಯ ಹೊಗೆ

“ಕಳ್ಳ ಅದಿ ನೀ, ಪರಸ್ಯಾ! ಹೊಸಾ ರಿಂಗ್ ಅಂತ ಹೇಳಿ ಹಳೇವ್ನ ಹಾಕಿ ಮುಚ್ಚಿಟ್ಟಿ!”

ಪಡಸಾಲೆಯ ಮೂಲೆಯಲ್ಲಿ ಕೂತು, ಎಡ ಅಂಗೈ ಮೇಲಿನ ಲಿಂಗಕ್ಕೆ ಪತ್ರೆ ಏರಿಸುತ್ತಿದ್ದ ಶಿವಗಂಗವ್ವನ ಕೈ ತಡೆಯಿತು. ಮಗ ರಾವಸಾಹೇಬನ ದನಿ. ತಾನು ಪೂಜೆಗೆ ಕೂತಾಗ ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವುದೂ ಇಲ್ಲ. ಬಾಯಿಪಾಠದ ವಚನ ಅರ್ಧಕ್ಕೇ ನಿಂತಿತು. ಆಕೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

ಅಂಗಳದ ನಡುವೆ ಮೋಟಾರು ಸೈಕಲ್ಲು, ಊರ ಬಾಯಲ್ಲಿ ಫಟಫಟಿ, ಡುಗುಡುಗು ಅನ್ನುತ್ತ ನಿಂತಿತ್ತು. ಬೆಲ್ಲದ ವ್ಯಾಪಾರದ ರಾವಸಾಹೇಬ ಅದನ್ನು ಬೆಳಗಾವಿಯಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಗೋರಾ ಸಾಹೇಬನಿಂದ ಕೊಂಡು ತಂದಿದ್ದ. ಮೂಡಲಗಿಗೆಲ್ಲ ಅದೊಂದೇ. ದಸರೆಗೆ ಮುಂಚೆ ಗೋಕಾಕದ ಹತ್ತಿ ಜಿನ್ನಿನಲ್ಲಿ ಇಂಜಿನ್ ನೋಡಿಕೊಳ್ಳುವ ಪರಸಪ್ಪ ರಜೆಯ ದಿನ ಬಂದು ಅದರ ಪಿಸ್ಟನ್ನಿಗೆ ಹೊಸ ರಿಂಗು ಹಾಕಿ ಹೋಗಿದ್ದ. ದೀಪಾವಳಿ ಕಳೆಯುವಷ್ಟರಲ್ಲಿ ಗಾಡಿ ಹೊಗೆಯುಗುಳತೊಡಗಿತು. ನಿನ್ನೆ ಸಂತೆಯ ನಡುವೆ ಕಿರಾಣಿ ಅಂಗಡಿಯ ವೀರಪ್ಪ, “ಸಾವಕಾರ್ರು ಒಲಿ ಹತ್ತಿ ಬಂದ್ರು, ರೊಟ್ಟಿ ತಟ್ರಬೇ” ಅಂದಿದ್ದ. ಆ ನಗೆಯನ್ನು ರಾವಸಾಹೇಬ ಜೀರ್ಣಿಸಿಕೊಳ್ಳಲಾರದೆ, ನಿನ್ನೆಯೇ ಗೋಕಾಕಕ್ಕೆ ಆಳು ಕಳಿಸಿ ಪರಸಪ್ಪನನ್ನು ಬೆಳಗಾಗುವಷ್ಟರಲ್ಲಿ ಕರೆಸಿದ್ದ. ಅದೇ ವೀರಪ್ಪ ಈಗ ನಾಲ್ಕು ಮಂದಿಯ ಜೊತೆ ಅಂಗಳದ ಗೋಡೆಗೆ ಒರಗಿ ನಿಂತಿದ್ದ.

ಪರಸಪ್ಪ ಕುಕ್ಕರುಗಾಲಲ್ಲಿ ಕೂತು, ಇಂಜಿನ್ನಿನ ಹೊಟ್ಟೆಯ ಕೆಳಗಿನ ಬೆರಳುಗಾತ್ರದ ಕೊಳವೆಗೆ ಅಂಗೈ ಹಿಡಿದ. ಬಡಿತಕ್ಕೊಮ್ಮೆ ಪುಸ್ ಪುಸ್ ಎಂದು ನೀಲಿ ಹೊಗೆ ಬಂದು ಅಂಗೈ ಜಿಡ್ಡಾಯಿತು.

“ಇದು ಅದರ ಉಸುರಿನ ಕೊಳವಿ ರೀ. ಇಲ್ಲಿ ಬರೇ ಗಾಳಿ ಬರಬೇಕು. ಮ್ಯಾಲಿನ ಬೆಂಕಿ ರಿಂಗ್ ದಾಟಿ ಕೆಳಗ ಇಳ್ಯಾಕತ್ತೈತಿ.”

“ಅಂದ್ರ ರಿಂಗ್ ಹಾಳ ಅಂತ ನೀನ ಒಪ್ಪಿದಂಗಾತು!”

“ಬಿಚ್ಚಿ ನೋಡೂಣ್ರಿ ಸಾವಕಾರ್ರ. ಹಳೇವು ಇದ್ರ ನಿಮ್ಮ ಚಪ್ಪಲಿ, ನನ್ನ ತಲಿ.”

“ಬಿಚ್ಚು! ಮಂದಿ ಮುಂದ ಬಿಚ್ಚು. ಆಮ್ಯಾಲ ಜಿನ್ನಿನ ಮಾಲಕರ ಕಡೆ ಹೋಗ್ತೇನಿ, ಕಳ್ಳನ್ನ ಇಟಗೊಂಡೀರಿ ಅಂತ ಹೇಳಾಕ. ಯಾರ ನಿನಗ ಕೆಲಸಾ ಕೊಡ್ತಾರ ನೋಡೂಣು.”

ಶಿವಗಂಗವ್ವನ ಮೈಯೆಲ್ಲ ಉರಿದುಹೋಯಿತು. “ಮನಿಗಿ ಬಂದವಗ ಒಂದ ತಂಬಗಿ ನೀರ ಕೊಟ್ಟಿಲ್ಲ, ಕಳ್ಳ ಅಂತಿಯೇನೋ?”

“ನೀ ಒಳಗ ಹೋಗಬೇ. ಇದು ನಿನಗ ತಿಳ್ಯಾಂಗಿಲ್ಲ.”

ಆಕೆ ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲೇ ಕೂತಳು.

ಇಂಜಿನ್ ನಿಲ್ಲಿಸಿ, ಬಿಸಿ ಆರಿದ ಮೇಲೆ ಪರಸಪ್ಪ ಸಿಲಿಂಡರನ್ನು ಮೇಲಕ್ಕೆತ್ತಿದ. ರಿಂಗುಗಳು ಹೊಸವೇ. ಆದರೆ ಕಾಕಂಬಿಯಂಥ ಕಂದು ಅಂಟಿನಲ್ಲಿ ಹೂತು, ಅಲ್ಲಾಡದೆ ಕೂತಿದ್ದವು. ಅವನು ಅಂಟನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದ. ಅಷ್ಟರಲ್ಲಿ ಹೊಸ್ತಿಲಿಗೂ ವಾಸನೆ ಬಂತು. ಸೀದ ವಗ್ಗರಣೆಯ ವಾಸನೆ. ಕುಸುಬಿ ಎಣ್ಣೆ.

ಅದು ತನ್ನ ಮನೆಯದೇ ಎಣ್ಣೆ ಎಂದು ಶಿವಗಂಗವ್ವನಿಗೆ ಗೊತ್ತಾಯಿತು.

ಪರಸಪ್ಪ ತಲೆ ಎತ್ತಿದ. ಬಾಗಿಲ ಪಕ್ಕದ ಗೂಡಿನಲ್ಲಿದ್ದ ಎಣ್ಣೆಯ ಗಿಂಡಿಯನ್ನು ನೋಡಿದ, ಆಮೇಲೆ ಆಕೆಯನ್ನು. ರಿಂಗು ಹಾಕಿದ ದಿನ ಅವನಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ, “ಇದಕ್ಕ ಎಣ್ಣಿ ಎಲ್ಲಿ ಹಾಕ್ತಾರಪಾ?” ಎಂದು ಆಕೆಯೇ ಕೇಳಿದ್ದಳು. ಗಾಡಿಯ ಎಣ್ಣೆ ಡಬ್ಬಿಯ ಮುಚ್ಚಳ ತೆರೆದು ತೋರಿಸಿದವನು ಅವನೇ. ಅವನು ಕಣ್ಣು ಕೆಳಗಿಳಿಸಿದ.

“ಸಾವಕಾರ್ರ, ನಂದ ತಪ್ಪು. ನಾ ಹಾಕಿದ ಎಣ್ಣಿ ಖೊಟ್ಟಿ ಇತ್ರಿ.”

“ಕೇಳಿದ್ರ್ಯಾ? ಕೇಳಿದ್ರ್ಯಾ ಎಲ್ಲಾರೂ? ತಾನ ಒಪ್ಪಿದ!” ರಾವಸಾಹೇಬ ಗೋಡೆಯ ಕಡೆ ತಿರುಗಿ ಕೈ ಚಾಚಿದ.

“ಏ ಪರಸಪ್ಪಾ!” ಶಿವಗಂಗವ್ವ ಎದ್ದು ನಿಂತಳು. “ಸುಳ್ಳ ಹೇಳಿ ನನಗ ಭಿಕ್ಷಾ ಹಾಕ್ತೀಯೇನೋ? ಬೇಡೀನೇನು ನಾ ನಿನ್ನ?”

ಆಕೆ ಗೂಡಿನ ಗಿಂಡಿ ಎತ್ತಿಕೊಂಡು ಅಂಗಳಕ್ಕಿಳಿದಳು. ವೀರಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ.

“ನಾ ಹಾಕೇನಿ ಎಣ್ಣಿ. ದಸರಿ ಖಂಡೇಪೂಜಿ ದಿನ, ಗಾಣದ ಹೊಸಾ ಎಣ್ಣಿ. ಚಕ್ಕಡಿ ಅಚ್ಚಿಗೆ ಹಾಕಿದೆ, ಬಾವಿ ಗಡಗಡಿಗೆ ಹಾಕಿದೆ. ನನ್ನ ಮಗನ್ನ ಹೊತ್ತು ತಿರಗೂದು, ಅದಕ್ಯಾಕ ಇಲ್ಲ ಅಂತ ಅದಕ್ಕೂ ಹಾಕಿದೆ. ಆಮ್ಯಾಲೂ ಸೋಮಾರಕ್ಕೊಮ್ಮೆ ಹಾಕ್ಕೋತ ಬಂದೀನಿ. ಈಗ ಅನ್ನು ನನಗ. ಕಳ್ಳಿ ಅನ್ನು! ಹೋಗು ಗೋಕಾಕಕ್ಕ, ನಮ್ಮವ್ವ ಕಳ್ಳಿ ಅಂತ ಮಾಲಕರಿಗೆ ಹೇಳಿ ಬಾ!”

ರಾವಸಾಹೇಬನ ಮುಖ ಸಪ್ಪಗಾಯಿತು. “ಹೋಗ್ಲಿ ಬಿಡಬೇ. ಗೊತ್ತಿಲ್ಲದ ಆಗೇತಿ.”

“ನಂದು ಗೊತ್ತಿಲ್ಲದ ಆತು. ನಿನ್ನ ಬಾಯಾಗ ಆ ಮಾತು ಗೊತ್ತಿಲ್ಲದ ಬಂತೇನು? ಮಂದಿ ಮುಂದ ಅಂದಿ. ಈ ಮಂದಿ ಹೋಗೂದ್ರಾಗ ತಿರುಗಿ ತಗೋ.”

“ಆತು, ತಪ್ಪಾತು.”

“ನನಗಲ್ಲ.”

ರಾವಸಾಹೇಬ ಪರಸಪ್ಪನ ಕಡೆ ನೋಡಲಿಲ್ಲ. ಧೋತರದ ಚುಂಗು ಎತ್ತಿಕೊಂಡು ಕಟ್ಟೆ ಹತ್ತಿ ಕಂಬಕ್ಕೆ ಒರಗಿ ನಿಂತ. ವೀರಪ್ಪ, “ಅಂಗಡಿ ತಗದ ಬಂದೀನಿ” ಎಂದು ಜಾರಿದ. ಉಳಿದವರು ಅವನ ಹಿಂದೆ ಹೋಗಬೇಕೆನ್ನುವಾಗ ಶಿವಗಂಗವ್ವ ಅಂಗಳದ ತಲೆಬಾಗಿಲಿಗೆ ಅಡ್ಡ ನಿಂತಳು. “ಕಳ್ಳ ಅನ್ನೂದು ಕೇಳಾಕ ನಿಂತಿದ್ರಿ. ಇದನ್ನೂ ನೋಡಿ ಹೋಗ್ರಿ.”

ಪರಸಪ್ಪ ಮತ್ತೆ ಕೆಲಸಕ್ಕೆ ಬಾಗಿದ. ಚಿಮಣಿ ಎಣ್ಣೆಯಲ್ಲಿ ರಿಂಗು ನೆನೆಸಿ, ಅಂಟು ಕೆರೆದು, ಒಂದೊಂದನ್ನೂ ಬಟ್ಟೆಯಿಂದ ಒರೆಸಿದ. ಹಳೆಯ ಎಣ್ಣೆಯನ್ನೆಲ್ಲ ಬಸಿದು ಹೊಸದನ್ನು ಹಾಕಿದ. ನಡುವೆ ಆಕೆ ತಾನೇ ತಂಬಿಗೆ ತಂದು ಅವನ ಬೊಗಸೆಗೆ ನೀರು ಹೊಯ್ದಳು. ಅವನು ಕುಡಿದ.

ಹೊತ್ತು ನೆತ್ತಿಗೆ ಬಂದಾಗ ಎಲ್ಲ ಜೋಡಿಸಿ ಕಿಕ್ ಹೊಡೆದ. ಮೊದಲು ಒಂದಿಷ್ಟು ಹೊಗೆ ಬಂತು, ನಿಧಾನಕ್ಕೆ ಕಡಿಮೆಯಾಯಿತು, ನಿಂತಿತು.

“ಕೈ ಹಿಡದ ನೋಡ್ರಿ, ಸಾವಕಾರ್ರ” ಅಂದ.

ಕಟ್ಟೆಯ ಮೇಲಿನವನು ಕದಲಲಿಲ್ಲ.

ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕೂತಳು. ಲಿಂಗ ಹಿಡಿಯುವ ಎಡ ಅಂಗೈಯನ್ನು ಆ ಕೊಳವೆಯ ಬಾಯಿಗೆ ಒಡ್ಡಿದಳು. ಕರುವಿನ ಮೂಗಿನ ಉಸಿರಿನ ಹಾಗೆ ಬೆಚ್ಚನೆಯ ಗಾಳಿ ಬಡಿತಕ್ಕೊಮ್ಮೆ ಬಂದು ತಾಗಿತು. ಆಕೆ ಅಂಗೈ ತಿರುಗಿಸಿ ಬಾಗಿಲಲ್ಲಿದ್ದವರಿಗೆ ತೋರಿಸಿದಳು, ಕಂಬದ ಕಡೆಗೂ ತೋರಿಸಿದಳು. ಒಂದು ಕಲೆಯೂ ಇರಲಿಲ್ಲ. ಮತ್ತೆ ಕೊಳವೆಗೆ ಹಿಡಿದಳು.

ರಾವಸಾಹೇಬ ಪರಸಪ್ಪನ ಕಡೆಗೆ ಒಂದು ಮೆಟ್ಟಿಲು ಇಳಿದು ನಿಂತ, ಅಂದ ಮಾತನ್ನು ಮಾತ್ರ ಇನ್ನೂ ತಿರುಗಿ ತಗೊಂಡಿರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಆಕೆ ಕೈ ತೆಗೆಯಲಿಲ್ಲ.