ಅಕ್ತರ್ ಸಾಹೇಬರು ಬಾಯಿ ಕಟ್ಟಿಕೊಂಡ ದಿನಗಳು

ಅಕ್ತರ್ ಸಾಹೇಬರು ಸುಮ್ಮನೆ ಕುಳಿತದ್ದನ್ನು ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಕಂಡವರಿರಲಿಲ್ಲ. ಹಳೆಯ ಮೇಜು, ಕುರ್ಚಿ, ಗೋಡೆ ಗಡಿಯಾರ, ಕನ್ನಡಿ ಬೀರುಗಳನ್ನು ಭಾನುವಾರದ ಹೊತ್ತು ಹರಾಜು ಹಾಕುವ ಮಳಿಗೆಯೊಂದರಲ್ಲಿ ಸವಾಲು ಕೂಗುವುದು ಅವರ ಕಸುಬು. ಮೂವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಮೈಕು ಮುಟ್ಟದ ಕಂಠ. ಆ ಕಸುಬಿನ ಲಯ ಅವರ ನಿತ್ಯಸಂಭಾಷಣೆಗೂ ಅಂಟಿಕೊಂಡುಬಿಟ್ಟಿತ್ತು. ಚಹಾ ಬೇಕಾದರೂ "ಒಂದು ಸಾರಿ... ಎರಡು ಸಾರಿ..." ಎಂದು ಅಡುಗೆಮನೆಯತ್ತ ಕೂಗುವರು, ಮೂರನೆಯದು ಹೊರಡುವ ಮುಂಚೆಯೇ ಹೆಂಡತಿ ಮೆಹರುನ್ನೀಸಾ ಲೋಟವನ್ನು ಟಣ್ಣೆಂದು ಮುಂದೆ ಕುಕ್ಕುವರು.

ಮೇ ತಿಂಗಳ ಧಗೆಯಲ್ಲೂ ಮೈಬಿಡದ ಕಂದು ಕೋಟು, ಖಾಲಿ ಬೀದಿಯಲ್ಲೂ ಜನಜಂಗುಳಿಯನ್ನು ಸೀಳಿಕೊಂಡು ಹೋಗುವವರ ಹಾಗೆ ಬಲಭುಜ ಮುಂದೆ ಮಾಡಿ ನಡೆಯುವ ನಡಿಗೆ, ಎದುರಾದವರ ತೋಳು ಹಿಡಿದು ನಿಲ್ಲಿಸಿಕೊಂಡೇ ಮಾತಾಡುವ ಅಭ್ಯಾಸ. ತರಕಾರಿ ತರಲು ಹೋದವರು ಮಧ್ಯಾಹ್ನದ ಊಟಕ್ಕೆ ಬಂದರೆ ಅದೇ ಪುಣ್ಯ. ಇಂಥ ವಾಚಾಳಿಗೆ ಬಾಲ್ಯದಿಂದಲೂ ಇದ್ದದ್ದು ಒಂದೇ ಆಸೆ: ಮನೆಯಲ್ಲೊಂದು ಗಿಳಿ ಇರಬೇಕು, ತಾವು ಆಡಿದ್ದಕ್ಕೆ ಅದು ಮಾರುತ್ತರ ಕೊಡಬೇಕು. "ನಲವತ್ತು ವರ್ಷ ನಾನು ಕೇಳಿದ್ದು ಸಾಲ್ದಾ? ಆ ಬಡಪಾಯಿ ಹಕ್ಕೀನೂ ಕೇಳ್ಬೇಕಾ?" ಎಂದು ಮೆಹರುನ್ನೀಸಾ ಅದನ್ನು ತಳ್ಳಿಹಾಕುತ್ತಲೇ ಬಂದಿದ್ದರು.

ಹೋದ ಮಾರ್ಚ್‌ನಲ್ಲಿ ಹಲಸೂರಿನ ಕಡೆ ರಸ್ತೆಬದಿಯ ಮರವೊಂದನ್ನು ಕಡಿದು ಉರುಳಿಸಿದಾಗ, ಅದರ ಪೊಟರೆಯೊಳಗಿಂದ ಒಂದು ಗಿಳಿಮರಿ ಸಿಕ್ಕಿತು. ಮೈತುಂಬ ಮುಳ್ಳುಮುಳ್ಳಾದ ಎಳೆ ಪುಕ್ಕ, ದೇಹಕ್ಕಿಂತ ದೊಡ್ಡ ತಲೆ, ನೋಡಿದರೆ ಅಯ್ಯೋ ಎನಿಸುವ ಕುರೂಪ. ಸಾಹೇಬರು ಅದನ್ನು ಕೋಟಿನ ಜೇಬಿನಲ್ಲಿಟ್ಟು ತಂದರು. ಹುರಿಗಡಲೆ ಹಿಟ್ಟನ್ನು ಬೆಚ್ಚಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಎರಡು ಗಂಟೆಗೊಮ್ಮೆ ಗುಟುಕು ಕೊಟ್ಟರು. ಗುಟುಕು ಗುಟುಕಿಗೂ ಜೊತೆಯಲ್ಲಿ ಪುಂಖಾನುಪುಂಖವಾಗಿ ಮಾತು. ಮೂರನೆಯ ವಾರಕ್ಕೆ ಮೆಟ್ಟಿಲಲ್ಲಿ ಅವರ ದನಿ ಕೇಳಿದರೆ ಸಾಕು, ಮರಿ ರಟ್ಟಿನ ಡಬ್ಬದೊಳಗೆ ರೆಕ್ಕೆ ಬಡಿದು ಬಾಯಿ ತೆರೆಯುತ್ತಿತ್ತು. "ನೋಡಿದ್ಯಾ, ಈ ಮನೇಲಿ ನನ್ನ ಮಾತಿಗೆ ಕಿವಿ ಕೊಡೋರು ಒಬ್ರು ಬಂದ್ರು!" ಎಂದು ಹೆಂಡತಿಯನ್ನು ಹಂಗಿಸಿದರು.

ತಮ್ಮ ಸುಖಕ್ಕೆ ತಾವೇ ಕಲ್ಲು ಹಾಕಿಕೊಂಡವರೂ ಅವರೇ. ಮರಿಗೆ ಭೇದಿಯಾದಾಗ ಗಾಬರಿಬಿದ್ದು, ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಗುಂಪೊಂದಕ್ಕೆ ಫೋನು ಹಚ್ಚಿದರು. ದೊಮ್ಮಲೂರಿನಿಂದ ಸ್ಕೂಟರಿನಲ್ಲಿ ರೇವತಿ ಎಂಬ ಹುಡುಗಿ ಬಂದಳು. ಔಷಧ ಕೊಟ್ಟಳು, ಕೊಟ್ಟಮೇಲೆ ಮೆಲ್ಲಗೆ ಹೇಳಿದಳು: "ಅಂಕಲ್, ಇದು ಕಾಡುಗಿಳಿ. ಇಟ್ಕೊಳ್ಳೋ ಹಾಗಿಲ್ಲ, ಕಾನೂನೂ ಒಪ್ಪಲ್ಲ. ಹಾರೋಕೆ ಬಂದ್ಮೇಲೆ ಬಿಟ್ಬಿಡ್ಬೇಕು."

"ಬಿಡೋಣಮ್ಮ. ಅಷ್ಟರೊಳಗೆ ನಾಕು ಮಾತು ಕಲಿಸ್ಲಾ?"

"ಅದೇ ಬೇಡ. ಮನುಷ್ಯರ ದನಿ ಕೇಳಿದ್ರೆ ಊಟ ಸಿಗುತ್ತೆ ಅಂತ ಕಲಿತ್ಬಿಟ್ಟಿದೆ. ಹೀಗೇ ಬಿಟ್ರೆ ಯಾರು ಕರೆದ್ರೂ ಹೋಗಿ ಕೈ ಮೇಲೆ ಕೂರುತ್ತೆ. ಆಮೇಲೆ ಜೀವನಪೂರ್ತಿ ಪಂಜರ. ಇನ್ಮೇಲೆ ಅದರೆದುರು ಒಂದು ಮಾತೂ ಆಡ್ಬೇಡಿ. ಆಗಲ್ಲ ಅಂದ್ರೆ ನಾನೇ ತಗೊಂಡು ಹೋಗ್ತೀನಿ."

ಸಾಹೇಬರ ಮುಖ ಸಣ್ಣಗಾಯಿತು. ಕೊನೆಗೆ, ತಮ್ಮ ಆಯುಷ್ಯದ ಅತ್ಯಂತ ಚಿಕ್ಕ ಭಾಷಣ ಮಾಡಿದರು: "ಆಗುತ್ತೆ."

ಮುಂದಿನ ಎರಡು ತಿಂಗಳು ಆ ಮನೆಯಲ್ಲಿ ನಡೆದದ್ದು ತಪಸ್ಸೇ ಸರಿ. ತಾರಸಿಯ ಮೂಲೆಗೆ ಬಲೆ ಕಟ್ಟಿದರು. ಮನುಷ್ಯನ ಆಕಾರ ಕಾಣಬಾರದೆಂದು ಹಳೆಯ ಬೆಡ್‌ಶೀಟೊಂದನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಒಳಗೆ ಹೋಗುವರು. ಹಸಿ ಬಟಾಣಿ, ಸೀಬೆಹಣ್ಣು, ಸಜ್ಜೆತೆನೆಗಳನ್ನು ಇವತ್ತು ಒಂದು ಕೊಂಬೆಗೆ ಕಟ್ಟಿದರೆ ನಾಳೆ ಅದಕ್ಕಿಂತ ಗೇಣುದ್ದ ಎತ್ತರದ ಕೊಂಬೆಗೆ. ಮರಿ ಜಿಗಿಯಿತು, ಬಿತ್ತು, ಮತ್ತೆ ಜಿಗಿಯಿತು, ಒಂದು ದಿನ ಬಲೆಯ ಈ ತುದಿಯಿಂದ ಆ ತುದಿಗೆ ಹಾರಿಯೇಬಿಟ್ಟಿತು. ಆ ಗಳಿಗೆಯಲ್ಲಿ "ಶಭಾಷ್!" ಎನ್ನದೆ ಇರಲು ಸಾಹೇಬರು ಬೆಡ್‌ಶೀಟಿನ ಅಂಚನ್ನು ಬಾಯಿಗೆ ತುರುಕಿಕೊಂಡರಂತೆ. ಇದನ್ನು ಹೇಳಿ ಮೆಹರುನ್ನೀಸಾ ನಗುತ್ತಿದ್ದರು; ನಗುತ್ತಲೇ, "ಪಾಪ ಕಣ್ರೀ, ಕೆಳಗೆ ಬಂದ್ಮೇಲೂ ಮಾತಾಡಲ್ಲ. ಮೇಲಕ್ಕೆ ಕೇಳಿಸಿದ್ರೆ ಅನ್ನೋ ಭಯ. ನನಗೇ ಮನೆ ಹಿಡಿಸ್ತಿಲ್ಲ" ಎಂದು ಕಣ್ಣೊರೆಸಿಕೊಂಡರು. ವಾರವಿಡೀ ತುಟಿ ಬಿಚ್ಚದೆ ಇದ್ದು ಭಾನುವಾರದ ಹರಾಜಿನಲ್ಲಿ ಸಾಹೇಬರು ಗುಡುಗುತ್ತಿದ್ದ ಪರಿಗೆ ಗಿರಾಕಿಗಳೇ ಬೆಚ್ಚುತ್ತಿದ್ದರು.

ಜೂನ್ ಮೊದಲ ವಾರ ರೇವತಿ ಬಂದು ನೋಡಿ, ಬಲೆಯ ಒಂದು ಬದಿಯನ್ನು ಬಿಚ್ಚಿಸಿದಳು. ಸಂಜೆ ಹಲಸೂರು ಕೆರೆಯ ಕಡೆ ಹೋಗುವ ಗಿಳಿಗಳ ಹಿಂಡು ಕಿರುಚುತ್ತ ಬಂದಾಗ ಮರಿಯೂ ಅದರ ಹಿಂದೆ ಹೋಯಿತು. ಸಾಹೇಬರು ಬಹಳ ಹೊತ್ತು ಬೆಡ್‌ಶೀಟು ಹೊದ್ದುಕೊಂಡೇ ನಿಂತಿದ್ದರು.

ನಾಲ್ಕನೆಯ ಸಂಜೆ ಅದು ತಿರುಗಿ ಬಂತು. ಬಂದು ಕೂತದ್ದು ಎದುರು ತಾರಸಿಯ ನೀರಿನ ಟ್ಯಾಂಕಿನ ಮೇಲೆ. ಆ ಮನೆಯ ಯಾಸಿರ್ ಕೆಟ್ಟ ಮನುಷ್ಯನಲ್ಲ, ಹಕ್ಕಿಯ ಹುಚ್ಚಿನವನು ಅಷ್ಟೆ. ಅವನ ಬಳಿ ಖಾಲಿ ಪಂಜರವೊಂದಿತ್ತು. ಸೀಬೆಯ ಹೋಳು ಹಿಡಿದು, "ಮಿಠ್ಠೂ... ಆವೋ ಮಿಠ್ಠೂ..." ಎಂದು ಜೇನಿನಂಥ ದನಿಯಲ್ಲಿ ಕರೆಯತೊಡಗಿದ. ಮರಿ ಕತ್ತು ಓರೆ ಮಾಡಿ, ಟ್ಯಾಂಕಿನ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಅವನತ್ತ ಸರಿಯಿತು.

"ಕರೀರಿ! ನಿಮ್ಮ ದನಿ ಕೇಳಿದ್ರೆ ಇಲ್ಲಿಗೇ ಬರುತ್ತೆ!" ಎಂದು ಮೆಹರುನ್ನೀಸಾ ಗಂಡನ ತೋಳು ಜಗ್ಗಿದರು.

ಬರುತ್ತಿತ್ತು, ಸಂಶಯವಿಲ್ಲ. ಒಂದು ಸಲ ಕರೆದಿದ್ದರೆ ಅದು ಅವರ ಕೋಟಿನ ತೋಳಿನ ಮೇಲೆ ಬಂದು ಕೂರುತ್ತಿತ್ತು, ಹುಟ್ಟಿದಂದಿನಿಂದ ಬಯಸಿದ್ದೆಲ್ಲ ಕೈಗೂಡುತ್ತಿತ್ತು. ಸಾಹೇಬರು ಬಾಯಿ ತೆರೆದರು. ಹೊರಟದ್ದು ಆ ಗಲ್ಲಿ ಎಂದೂ ಕೇಳಿರದ ಭೀಕರ ಅಬ್ಬರ. "ಹಟ್! ಹೋಗ್! ಹೋಗಾಚೆ!" ಮರಿ ದನಿಯ ಗುರುತು ಹಿಡಿದು, ಸಂಭ್ರಮದಿಂದ ರೆಕ್ಕೆ ಬಿಚ್ಚಿ ಅವರತ್ತಲೇ ತಿರುಗಿತು. ಆಗ ಕಾಲಿನ ಚಪ್ಪಲಿ ಕಿತ್ತು, ಅಳುತ್ತ, ಬೀಸಿ ಎಸೆದರು. ಅದು ಟ್ಯಾಂಕಿಗೆ ದಬ್ಬನೆ ಬಡಿಯಿತು. ಹಕ್ಕಿ ಚೀರಿ ಮೇಲೆದ್ದು, ಮುಗಿಲೆತ್ತರದ ತೆಂಗಿನ ಗರಿಗಳನ್ನೂ ದಾಟಿ, ಹಿಂಡು ಹೋದ ದಿಕ್ಕಿಗೆ ಹಾರಿತು.

ಚಪ್ಪಲಿಯನ್ನು ಯಾಸಿರನೇ ತಂದುಕೊಟ್ಟ, ತಲೆ ತಗ್ಗಿಸಿಕೊಂಡು. "ಇನ್ನು ಬರಲ್ವೇನೋ" ಎಂದರು ಮೆಹರುನ್ನೀಸಾ. "ಬರಬಾರ್ದು" ಎಂದರು ಸಾಹೇಬರು.

ಸಾಕಿದವರಿಗೆಲ್ಲ ಒಂದು ಸಣ್ಣ ಲೋಭವಿರುತ್ತದೆ. ಹಕ್ಕಿಯಾಗಲಿ, ಮಗುವಾಗಲಿ, ಎಲ್ಲಿಗೆ ಹೋದರೂ ನಮ್ಮನ್ನು ಒಳ್ಳೆಯವರೆಂದು ನೆನೆಯಲಿ ಎಂಬ ಲೋಭ. ನಾವು ಬಹುಮಂದಿ ಅಷ್ಟು ಕೂಲಿಯನ್ನಾದರೂ ಕೇಳಿಯೇ ಕೇಳುತ್ತೇವೆ. ಅದನ್ನೂ ಬಿಟ್ಟುಕೊಟ್ಟು, ಅದರ ಪಾಲಿಗೆ ನಾನು ಚಪ್ಪಲಿ ಎಸೆದ ಕೆಟ್ಟ ಮುದುಕನಾಗಿಯೇ ಉಳಿಯಲಿ, ಅದು ಮಾತ್ರ ಆಕಾಶದಲ್ಲಿರಲಿ ಎನ್ನುವವರು ಅಲ್ಲೊಬ್ಬರು ಇಲ್ಲೊಬ್ಬರು. ಅಂಥವರು ನಮ್ಮ ನಡುವೆ ಕಂದು ಕೋಟು ತೊಟ್ಟು ತಿರುಗಾಡುತ್ತಿರುತ್ತಾರೆ, ಮತ್ತು ನಾವು ಅವರನ್ನು ಬರೀ ಬಾಯಿಬಡುಕರೆಂದು ತಿಳಿದಿರುತ್ತೇವೆ.