ಹೆಸರುಗಳ್ಳ

"ಕುಂದ್ರವ್ವಾ. ಕುಂತು ತೋರ್ಸು, ಅದು ಎಲ್ಲೈತಿ ಇದರಾಗ?" ಎಂದು ಕೊಟ್ರೇಶ ಮಾಸ್ತರರು ಹಳೆಯ ಪುಸ್ತಕವೊಂದನ್ನು ಪುಷ್ಪಲತಾಳ ಮುಂದೆ ದೂಡಿದರು. ಅವಳಿಗೆ ಅದನ್ನು ಕೈಗೆತ್ತಿಕೊಳ್ಳುವ ಧೈರ್ಯವೇ ಬರಲಿಲ್ಲ. ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬರುವಷ್ಟು ಹೊತ್ತೂ ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು, ಈಗಲೂ ಬಿಟ್ಟಿರಲಿಲ್ಲ. ಬೀದಿಯ ಕಡೆಯಿಂದ ಮೆಣಸಿನಕಾಯಿ ಘಾಟು ಬಂದು ಮೂಗು ಉರಿಯುತ್ತಿದ್ದರೂ ಸೀನಲಿಕ್ಕೂ ಹೆದರಿಕೆ.

ಹೆದರಲಿಕ್ಕೆ ಕಾರಣವಿತ್ತು. ಹಗಲೆಲ್ಲ ಬ್ಲೌಸು ಹೊಲಿದು, ಸಿಕ್ಕ ಸಿಕ್ಕ ಹೊತ್ತಿನಲ್ಲಿ ಕೂತು ಆರು ವರ್ಷ ಬರೆದ ಕಾದಂಬರಿ ಅವಳದು. ಅದರಲ್ಲಿ ಯಾರೂ ಕಂಡಿರದ ಒಂದು ಸೀಮೆ, ಆ ಸೀಮೆಯಲ್ಲಿ ಹೆಸರುಗಳ್ಳ ಎಂಬ ಒಂದು ಪ್ರಾಣಿ. ಎಲ್ಲಿ ಹೆಸರು ಬರೆದಿಟ್ಟರೂ ವಾಸನೆ ಹಿಡಿದು ಬರುತ್ತದೆ, ನೆಕ್ಕಿ ನೆಕ್ಕಿ ತಿನ್ನುತ್ತದೆ. ಆಮೇಲೆ ಆ ಮನುಷ್ಯನನ್ನು ಹೆತ್ತ ತಾಯಿಯೂ ಗುರುತು ಹಿಡಿಯುವುದಿಲ್ಲ. ಹಾವೇರಿಯ ಪ್ರಕಾಶಕರು ಓದಿ, "ಇಂಥಾದ್ದು ಎಲ್ಲಿಂದ ಹೊಳೀತ್ರಿ ನಿಮಗ?" ಎಂದು ಬೆರಗಾಗಿದ್ದರು. ಆ ಬೆರಗೇ ಅವಳ ನಿದ್ದೆ ಕೆಡಿಸಿತು.

ಹೊಳೆಯುವುದೆಲ್ಲಿ ಬಂತು! ಹತ್ತು ವರ್ಷದವಳಿದ್ದಾಗ ರಾಣೆಬೆನ್ನೂರಿನ ಮೈಲಾರೆಪ್ಪನ ಬಾಡಿಗೆ ಲೈಬ್ರರಿಯಿಂದ ತಂದು ಓದಿದ್ದ 'ಉಪ್ಪುಕೋಟೆಯ ಏಳು ಬೀಗ' ಎಂಬ ಪುಸ್ತಕದೊಳಗಿಂದ ಎದ್ದು ಬಂದದ್ದು ಅದು. ಬರೆದವರು ಇದೇ ಮಾಸ್ತರರು. ಅವರ ಕೋಟೆಯನ್ನೂ ಬೀಗಗಳನ್ನೂ ಬೇಕೆಂದೇ ಬಿಟ್ಟು ಅವಳು ತನ್ನದೇ ಸೀಮೆ ಕಟ್ಟಿದ್ದಳು. ಆ ಪ್ರಾಣಿ ಮಾತ್ರ ಕರೆಯದೆಯೇ ಬಂದು ನಡುಮನೆಯಲ್ಲಿ ಕೂತಿತ್ತು. ತೆಗೆದರೆ ಕಾದಂಬರಿಯೇ ಇಲ್ಲ, ಇಟ್ಟರೆ ತಾನು ಕಳ್ಳಿ. ಕೊನೆಗೆ ತಪ್ಪೊಪ್ಪಿಕೊಂಡು ಕಾಗದ ಬರೆದು, ಅಚ್ಚಿನ ಕರಡಿನ ಜೆರಾಕ್ಸು ಸಮೇತ ಮಾಸ್ತರರಿಗೆ ಕಳಿಸಿದಳು. ನಾಲ್ಕನೆಯ ದಿನ ಫೋನು ಬಂತು. "ಅಚ್ಚಿಗೆ ಕೊಡಬ್ಯಾಡ. ಲಗೂನ ಬಾ," ಎಂದವರೇ ಇಟ್ಟುಬಿಟ್ಟರು.

"ತೋರ್ಸು ಅಂದೆ," ಎಂದರು ಮಾಸ್ತರರು ಮತ್ತೆ. ಎಂಬತ್ನಾಲ್ಕು ತುಂಬಿದ್ದರೂ ದನಿ ಇನ್ನೂ ಕ್ಲಾಸಿನದೇ.

ಅವಳು ಪುಟ ತಿರುವಿದಳು. ಐದನೆಯ ಬೀಗ, ಆರನೆಯ ಬೀಗ, ಎಲ್ಲವೂ ನೆನಪಿದ್ದ ಹಾಗೇ ಇದ್ದವು. ಆರನೆಯದು ತೆರೆದ ಮೇಲೆ ಕತ್ತಲೆಯ ಓಣಿ. ಓಣಿಯ ಕೊನೆಗೆ ಹೆಸರುಗಳ್ಳ ಕೂತಿರಬೇಕು. ಇರಲಿಲ್ಲ. ಅಲ್ಲಿ ಒಬ್ಬ ಮುದುಕಿ ದೀಪ ಹಿಡಿದು ನಿಂತಿದ್ದಳು. ಹಿಂದೆ ತಿರುವಿದಳು, ಮುಂದೆ ತಿರುವಿದಳು. ಎಲ್ಲೂ ಸಿಗಲಿಲ್ಲ.

"ಇಲ್ಲೇ ಇತ್ರೀ ಮಾಸ್ತರ್ರ! ಖರೇನ ಇತ್ತು. ನಾ ಸುಳ್ಳು ಹೇಳಾಕತ್ತಿಲ್ರಿ."

"ಇಲ್ಲವ್ವಾ. ಅದನ್ನ ನಾ ಬರದೇ ಇಲ್ಲ."

ಮಾಸ್ತರರ ದನಿಯಲ್ಲಿ ಈಗ ಕ್ಲಾಸಿನ ಗತ್ತು ಇರಲಿಲ್ಲ. ಫೋನಿನಲ್ಲಿ ಕೇಳಿದ್ದು ಸಿಟ್ಟಲ್ಲ, ಅವರೂ ಹೆದರಿದ್ದಾರೆ ಎಂದು ಅವಳಿಗೆ ಆಗ ತಿಳಿಯಿತು. ಅವರು ಎದ್ದು ಗೋಡೆಯ ಗೂಡಿನಿಂದ ಒಂದು ಕಾಗದದ ಕಟ್ಟು ತಂದು ಬಿಚ್ಚಿದರು. ಪೋಸ್ಟ್ ಕಾರ್ಡು, ಇನ್‌ಲ್ಯಾಂಡು, ಲಕೋಟೆಯೊಳಗೆ ನೋಟುಬುಕ್ಕಿನಿಂದ ಹರಿದ ಹಾಳೆ. ಎಲ್ಲದರ ಮೇಲೂ ಮಕ್ಕಳ ಅಕ್ಷರ. 'ಹೆಸರುಗಳ್ಳ ನಮ್ಮ ಸಾಲಿಗೆ ಬರತೈತೇನ್ರಿ?' 'ಹಾಜರಿ ಪುಸ್ತಕದಾಗ ನನ್ನ ಹೆಸರು ಐತ್ರಿ, ಏನ್ ಮಾಡ್ಲಿ?'

"ಇಪ್ಪತ್ತು ವರ್ಷ ಬಂದಾವ ಇವು. ಎಲ್ಲಾದರ ಮ್ಯಾಲೂ ರಾಣೆಬೆನ್ನೂರ ಪೋಸ್ಟಿನ ಶಿಕ್ಕಾ. 'ಅಂಜಬ್ಯಾಡ್ರಿ, ಅದನ್ನ ನಾ ಬರದಿಲ್ಲ' ಅಂತ ಆ ಹುಡುಗರಿಗೆ ಉತ್ತರಾ ಬರೀಬೇಕಂದ್ರ ಒಂದರಾಗೂ ಹೆಸರಿಲ್ಲ! ಹೆಂಗ ಬರದಾವು, ಅದು ಹೆಸರ ತಿಂತೈತಲ್ಲ. ನನಗ ತಲಿ ಕೆಟ್ಟೈತೇನು, ಬರದು ಮರತೇನೇನು ಅಂತ ಎಷ್ಟ ಸಲ ಈ ಪುಸ್ತಕ ಓದೇನಿ ದೇವರಿಗೇ ಗೊತ್ತು. ಸುಮ್ಮನಾಗಿತ್ತು ಅನ್ನೂದ್ರಾಗ ನೀ ಹೊತಗೊಂಡು ಬಂದಿ."

ಪುಷ್ಪಲತಾ ಆ ಕಾಗದಗಳನ್ನು ಒಂದೊಂದಾಗಿ ಮಗುಚಿದಳು. ತಾನೂ ಹೆಸರು ಬರೆಯದೆ ನೋಟುಬುಕ್ಕು ಕೊಟ್ಟು ಶಾಲೆಯ ಅಕ್ಕೋರ ಕೈಯಿಂದ ಏಟು ತಿಂದದ್ದುಂಟು. ಕಣ್ಣು ಮುಚ್ಚಿ ಆ ಪುಟವನ್ನು ನೆನೆದಳು.

"ಮಾಸ್ತರ್ರ, ಆ ಪುಟ ನೀಲಿ ಇದ್ವು."

"ಅಂದ್ರ?"

"ನೀಲಿ ಶಾಯಿರಿ. ಕೈಲೆ ಬರದದ್ದು."

ಮೈಲಾರೆಪ್ಪನದು ಒಂದು ರೂಢಿ, ಅದನ್ನು ಅವಳು ಹೇಳಿದಳು. ಹಾಳೆ ಹರಿದು ಹೋದ ಪುಸ್ತಕವನ್ನು ಅವನು ಎಸೆಯುತ್ತಿರಲಿಲ್ಲ. ಕಳೆದ ಪುಟಗಳನ್ನು ಕೈಯಲ್ಲೇ ಬರೆದು, ದಾರದಿಂದ ಹೊಲಿದು, ಮತ್ತೆ ಬಾಡಿಗೆಗೆ ಬಿಡುತ್ತಿದ್ದ. ಇನ್ನೊಂದು ಪ್ರತಿ ಸಿಕ್ಕರೆ ನೋಡಿ ಬರೆಯುತ್ತಿದ್ದ. ಸಿಗದಿದ್ದರೆ ಏನು ಬರೆಯುತ್ತಿದ್ದನೆಂದು ಮಕ್ಕಳು ಯಾರೂ ಕೇಳಿರಲಿಲ್ಲ. ಓದುವ ಹುಚ್ಚಿನಲ್ಲಿ ಅವರಿಗೆ ಅಚ್ಚೂ ಒಂದೇ, ಕೈಬರಹವೂ ಒಂದೇ.

"ಅಯ್ಯ ಶಿವನ!" ಎಂದು ಮಾಸ್ತರರು ಹಣೆ ಹಿಡಿದುಕೊಂಡರು. "ನನ್ನ ಕೋಟ್ಯಾಗ ಹೊಕ್ಕು ನನಗಿಂತ ಚಲೋ ಬರದಾನಲ್ಲ ಪುಣ್ಯಾತ್ಮ! ಎಲ್ಲದಾನ ಈಗ?"

"ತೀರಿಕೊಂಡು ಒಂಬತ್ತು ವರ್ಷಾತ್ರಿ. ಹಿಂದ ಮುಂದ ಯಾರೂ ಇಲ್ಲ. ಲೈಬ್ರರಿ ಇದ್ದಲ್ಲಿ ಮೊಬೈಲ್ ಅಂಗಡಿ ಆಗೇತಿ."

ಹಗುರಾಗಬೇಕಿತ್ತು ಮನಸ್ಸು, ಆಗಲಿಲ್ಲ. ಬೈಸಿಕೊಂಡು ಒಪ್ಪಿಗೆ ಪಡೆಯೋಣವೆಂದು ಬಂದರೆ ಬೈಯುವವನೇ ಇಲ್ಲ. "ಈಗ ಯಾರನ್ನ ಕೇಳ್ಲಿರಿ?" ಎಂದಳು.

"ಯಾರನ್ನ ಕೇಳ್ತಿ? ಆ ದೀಪದ ಮುದುಕಿನ್ನ ನಾ ನಮ್ಮ ಸೋಮವ್ವ ಆಯಿ ಹೇಳ್ತಿದ್ದ ಕಥ್ಯಾಗಿಂದ ತಂದೆ. ಆಯಿ ಹೆಸರು ಎಲ್ಲೂ ಹಾಕಲಿಲ್ಲ. ನಾ ಹೋದ ಮ್ಯಾಲೆ ಆಕಿ ಇದ್ಲು ಅನ್ನೂದೂ ಯಾರಿಗೂ ಗೊತ್ತಿರಂಗಿಲ್ಲ. ನೀ ಹಂಗ ಮಾಡಬ್ಯಾಡ. ಮದಲನೇ ಪುಟದಾಗ ಅವನ ಹೆಸರು ಬರಿ, ಅಚ್ಚಿಗೆ ಕೊಡು."

ಅವಳು ಕರಡಿನ ಮೊದಲ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. ಕೈ ಏಳಲಿಲ್ಲ. ಮೂವತ್ತೆಂಟು ವರ್ಷ, ಎರಡು ಮಕ್ಕಳ ತಾಯಿ, ಸ್ವಂತ ಅಂಗಡಿ. ಆದರೂ ಏಳಲಿಲ್ಲ. ಇಷ್ಟು ವರ್ಷ ಎಲ್ಲೂ ಬರೆಯದೆ ಉಳಿದ ಹೆಸರು ಅದು. ತಾನೇ ಬರೆದು ಊರೂರಿಗೆ ಹಂಚುವುದೆಂದರೆ ಹೆಸರುಗಳ್ಳನಿಗೆ ದಾರಿ ತೋರಿಸಿದ ಹಾಗೆ.

"ನಗಬ್ಯಾಡ್ರಿ ಮಾಸ್ತರ್ರ. ಅಂಜಿಕಿ ಬರಾಕತ್ತೈತಿ."

ಮಾಸ್ತರರು ನಗಲಿಲ್ಲ. ಎದ್ದು ಹೋಗಿ ಬೀದಿಯ ಬಾಗಿಲು ಮುಂದೆ ಮಾಡಿ ಅಗಳಿ ಹಾಕಿದರು. ಬಂದು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಬರಿ. ನಾ ಇಲ್ಲೇ ಅದೇನಿ."

ಒಂದೊಂದೇ ಅಕ್ಷರ ತಿದ್ದುವವಳಂತೆ ಅವಳು ಮೈಲಾರೆಪ್ಪ ಎಂದು ಬರೆದಳು. ಒಳಗಿನಿಂದ ಮಾಸ್ತರರ ಸೊಸೆ ನಿರ್ಮಲಾ ಚಹಾಕ್ಕೆ ಕರೆದಳು, ಮತ್ತೊಮ್ಮೆ ಕರೆದಳು. ಇಬ್ಬರೂ ಏಳಲಿಲ್ಲ. ಹಾಳೆಯ ಆಚೆ ಈಚೆ ಕೂತು, ಕಣ್ಣು ಕೀಳದೆ, ಆ ಹೆಸರನ್ನು ಕಾಯುತ್ತಿದ್ದರು.