ಉಲ್ಲಂಕಿಗೆ ಎರಡನೇ ಸಾಕ್ಷಿ

ನನ್ನ ಕಣ್ಣಿಗೆ ಹಕ್ಕಿಗಳು ಬೀಳುವುದೇ ಇಲ್ಲವೇನೋ ಎಂಬ ಸಂಶಯ ಈಚೆಗೆ ಬಲವಾಗಿದೆ. ಯಾರಾದರೂ "ಅಗೋ!" ಎಂದು ಬೆರಳು ತೋರಿಸಿದರೆ ಆ ಕಡೆ ಕತ್ತು ತಿರುಗಿಸಿ "ಹೂಂ" ಎಂದುಬಿಡುತ್ತೇನೆ. ಅಷ್ಟರಲ್ಲಿ ಅದು ಹಾರಿಹೋಗಿರುತ್ತದೆ, ಅಥವಾ ಅದು ಎಲೆಯಾಗಿರುತ್ತದೆ. ಡಿಗ್ರಿ ಮುಗಿಸಿದವಳು ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಚಿಕ್ಕಪ್ಪನಿಗೆ ನನ್ನ "ಹೂಂ" ಬಲು ಇಷ್ಟ. ಅವರು ಹಲ್ಲಿನ ಡಾಕ್ಟರು. ಎದುರಿಗಿದ್ದವರ ಬಾಯಿಗೆ ಹತ್ತಿ ತುರುಕಿ "ನೋವಿಲ್ಲ ತಾನೇ?" ಎಂದು ಕೇಳಿ, ಮೌನವನ್ನೇ ಒಪ್ಪಿಗೆ ಎಂದುಕೊಳ್ಳುವುದು ಅವರಿಗೆ ರೂಢಿ.

ಇವತ್ತು ಬೆಟ್ಟದ ಮೇಲಿನ ಜವುಗಿಗೆ ನನ್ನನ್ನು ಎಳೆದುಕೊಂಡು ಹೋದದ್ದೂ ಆ "ಹೂಂ"ಗಾಗಿಯೇ. ಅಲ್ಲಿ ಹಕ್ಕಿ ನೋಡುವವರಿಗೆಂದು ಮರದ ಗುಡಿಸಲೊಂದಿದೆ. ಕೆಸರಿನ ಬೂಟುಗಳನ್ನು ಹೊರಗೆ ಕಿಟಕಿಯ ಕೆಳಗೆ ಬಿಟ್ಟು ಒಳಗೆ ಹೋಗಬೇಕು. ಒಳಗಿನ ಕಪ್ಪು ಹಲಗೆಯ ಮೇಲೆ ಅಲ್ಲಿ ಸಿಕ್ಕ ಹಕ್ಕಿಗಳ ಹೆಸರು, ಪಕ್ಕದಲ್ಲೇ ಮೊದಲು ಕಂಡವರ ಹೆಸರು. ಇಬ್ಬರು ಬಾಯಿಬಿಟ್ಟು "ಕಂಡೆ" ಎನ್ನದೆ ಯಾವ ಹಕ್ಕಿಯೂ ಹಲಗೆ ಏರುವಂತಿಲ್ಲ. ಸೀಮೆಸುಣ್ಣ ಇರುವುದು ನಿವೃತ್ತ ಪೋಸ್ಟ್‌ಮಾಸ್ಟರರ ಜೇಬಿನಲ್ಲಿ. ಇಷ್ಟು ವರ್ಷ ಹತ್ತಿಳಿದರೂ ಚಿಕ್ಕಪ್ಪನ ಹೆಸರು ಹಲಗೆಯ ಮೇಲೆ ಇನ್ನೂ ಬಂದಿಲ್ಲ.

"ಉಲ್ಲಂಕಿ!" ದುರ್ಬೀನಿಗೆ ಕಣ್ಣು ಅಂಟಿಸಿ ಚಿಕ್ಕಪ್ಪ ಕೂಗಿದರು. "ಆ ಬೋಳು ಮರದ ಕೆಳಗೆ! ಹಲಗೆ ಮೇಲೆ ಇಲ್ಲದ ಹಕ್ಕಿ!"

ಪೋಸ್ಟ್‌ಮಾಸ್ಟರು ಸಾವಧಾನವಾಗಿ ಬಗ್ಗಿ ನೋಡಿದರು. "ಡಾಕ್ಟ್ರೇ, ಅದು ಸಗಣಿ."

"ಅಷ್ಟುದ್ದ ಕೊಕ್ಕು ಕಾಣ್ತಿಲ್ವೇನ್ರೀ?"

"ಕಡ್ಡಿ. ಸಗಣಿಗೆ ಚುಚ್ಕೊಂಡಿದೆ."

"ನಿಮ್ಮ ಕನ್ನಡಕ ಬದಲಾಯಿಸಿ ಮೊದ್ಲು!"

"ನನ್ನ ನೋಯೋ ಹಲ್ಲು ಬಿಟ್ಟು ಪಕ್ಕದ್ದು ಕಿತ್ತೋರು ನೀವು. ನನ್ನ ಕಣ್ಣಿನ ಸುದ್ದಿ ನಿಮಗ್ಯಾಕೆ?"

ಚಿಕ್ಕಪ್ಪ ನನ್ನತ್ತ ತಿರುಗಿದರು. ಮುಖವೆಲ್ಲ ಆಸೆ. "ನೀನು ನೋಡಮ್ಮ. ಕಂಡ್ತಲ್ಲ?"

"ಉತ್ತರಾನೂ ನೀವೇ ಕೊಡ್ಬೇಡಿ," ಎಂದರು ಪೋಸ್ಟ್‌ಮಾಸ್ಟರು. "ಅವಳೇ ಹೇಳ್ಲಿ."

ದುರ್ಬೀನಿನಲ್ಲಿ ನೋಡಿದೆ. ಸಗಣಿಯೇ. ನೊಣ ಕೂಡ ಸ್ಪಷ್ಟವಾಗಿತ್ತು. "ಹೂಂ" ನಾಲಗೆಯ ತುದಿಗೆ ಬಂದು ನಿಂತಿತು. ಚಿಕ್ಕಪ್ಪನ ಹೆಸರಿನ ಪಕ್ಕದಲ್ಲಿ, ದಪ್ಪ ಅಕ್ಷರಗಳಲ್ಲಿ ಆ ಸಗಣಿ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ನೆನೆದು ನಗು ಉಕ್ಕಿತು. ನಗು ಮುಚ್ಚಿಕೊಳ್ಳಲು ತಲೆ ತಗ್ಗಿಸಿದೆ.

ಕಿಟಕಿಯ ಕೆಳಗೆ ಚಿಕ್ಕಪ್ಪನ ಬೂಟು. ಬೂಟಿಗೆ ಒರಗಿ ಒಣಹುಲ್ಲಿನ ಒಂದು ಮುದ್ದೆ. ಮುದ್ದೆಗೆ ಕಣ್ಣಿತ್ತು. ಎದೆಗೆ ಒತ್ತಿಕೊಂಡ ಉದ್ದನೆಯ ಕೊಕ್ಕೂ ಇತ್ತು. ತಲೆಯ ಮೇಲೆ ಇಷ್ಟೆಲ್ಲ ರಂಪ ನಡೆಯುತ್ತಿದ್ದರೂ ಅದು ಮಿಸುಕದೆ, ತೀರ್ಪು ಕೇಳಿಯೇ ಏಳುತ್ತೇನೆ ಎಂಬಂತೆ ನನ್ನನ್ನೇ ನೋಡುತ್ತಿತ್ತು. ಯಾರೂ ಬೆರಳು ತೋರಿಸಿರಲಿಲ್ಲ.

ಸಗಣಿಗೆ ಉಲ್ಲಂಕಿಯ ಹೆಸರು ಕೊಟ್ಟುಬಿಟ್ಟರೆ ಇದನ್ನು ಏನೆಂದು ಕರೆಯಲಿ?

"ಹೇಳಮ್ಮ, ಹೂಂ ಅನ್ನು," ಚಿಕ್ಕಪ್ಪ ಗೋಗರೆದರು.

"ಊಹೂಂ. ಅದು ಸಗಣಿನೇ, ಚಿಕ್ಕಪ್ಪ," ಎಂದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಉಲ್ಲಂಕಿ ನಿಮ್ಮ ಬೂಟಿನ ಪಕ್ಕ ಕೂತಿದೆ. ನಾನು ಕಂಡೆ."